ಕಾವು ಕುಳಿತ ಕೋಳಿಯ ಪರವಾಗಿ ಒಂದು ತಕರಾರು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹಳ್ಳಿಯ ಹೆಣ್ಣುಮಕ್ಕಳಿಗೆ ಕೋಳಿ ಸಾಕಣೆಯ ತರಬೇತಿ ಕೊಡುವ ಕೆಲಸ ಈಗ ಆತನದು. ಯೋಗಕ್ಷೇಮ ವಿಚಾರಿಸಿದ ಮೇಲೆ ಮಾತು ಸಹಜವಾಗಿ ಅವನ ಉದ್ಯೋಗದತ್ತ ಹೊರಳಿತು. "ಸರ, ಜವಾರಿ ಕೋಳಿಗೆ ಒಂದು ದೊಡ್ಡ ರೋಗ ಅದ ನೋಡ್ರಿ. ಆ ರೋಗದ ಹೆಸರು ಕಾವು. ವರ್ಷದಾಗ ಮೂರು ನಾಲ್ಕು ತಿಂಗಳು ಸುಮ್ಮನೆ ಕುಂತು ಉಣ್ತದ" ಎಂದು ಹೇಳಿ ತಾನೇ ನಕ್ಕ. ತರಬೇತಿಯಲ್ಲಿಯೂ ಇದನ್ನೇ ಹೇಳುತ್ತಾನಂತೆ, ಹೆಣ್ಣುಮಕ್ಕಳೂ ನಗುತ್ತಾರಂತೆ. ನನಗೆ ನಗು ಬರಲಿಲ್ಲ. ಫೋನಿನಲ್ಲಿ ವಾದ ಮಾಡುವುದು ನನ್ನ ಸ್ವಭಾವವಲ್ಲವಾದ್ದರಿಂದ "ಆಗಲಿ ತಮ್ಮಾ" ಎಂದು ಇಟ್ಟುಬಿಟ್ಟೆ. ಆದರೆ ಅಂದಿನಿಂದ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ತೊಗರಿ ಸಿಪ್ಪೆಯಂತೆ ಕಾಡುತ್ತಿದೆ. ಅವನಿಗೆ ಅಂದು ಹೇಳದೆ ಉಳಿದದ್ದನ್ನು ಇಂದು ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ. ಅವನೂ ಓದುತ್ತಾನೆಂದು ಬಲ್ಲೆ.

ಮೊದಲು ನಮ್ಮ ಮನೆಯ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ನಾನು ಚಿಕ್ಕವನಿದ್ದಾಗ ನಮ್ಮವ್ವ ಏಳೆಂಟು ಹ್ಯಾಟೆಗಳನ್ನು ಸಾಕಿದ್ದಳು. ಬೇಡದ ಸಮಯದಲ್ಲಿ ಯಾವುದಾದರೂ ಕೋಳಿ ಕಾವಿಗೆ ಬಂದರೆ, ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಅದನ್ನು ಮೂರು ಸಲ ಮುಳುಗಿಸಿ ತೆಗೆಯುತ್ತಿದ್ದಳು. ಅಷ್ಟಕ್ಕೂ ಬಗ್ಗದಿದ್ದರೆ ಅದರದೇ ಒಂದು ಪುಕ್ಕವನ್ನು ಕಿತ್ತು ಮೂಗಿನ ಎರಡು ಹೊಳ್ಳೆಗಳ ನಡುವೆ ತೂರಿಸಿ ಬಿಡುತ್ತಿದ್ದರು. ಆ ಕೋಳಿ ತಲೆ ಕೊಡವುತ್ತ, ಕಾಲಿನಿಂದ ಮೂಗನ್ನು ಕೆರೆಯುತ್ತ, ಅಂಗಳದ ತುಂಬ ಹುಚ್ಚು ಹಿಡಿದಂತೆ ಓಡಾಡುತ್ತಿದ್ದುದು ಇಂದಿಗೂ ನನ್ನ ಕಣ್ಣಮುಂದಿದೆ. ನಾವು ಹುಡುಗರು ಅದರ ಬೆನ್ನುಹತ್ತಿ ನಗುತ್ತಿದ್ದೆವು. ಇದು ನಮ್ಮೊಬ್ಬರ ಮನೆಯ ರೂಢಿಯಾಗಿರಲಿಲ್ಲ. ಇಂದಿಗೂ ಕೆಲವು ಕಡೆ ನಡೆದೇ ಇದೆ. ಪರಂಪರೆಯೆಂದು ಇದನ್ನು ಸಮರ್ಥಿಸುವವರು ನನ್ನ ಹತ್ತಿರ ಬರಬೇಡಿರಿ. ಹಳೆಯದೆಲ್ಲ ಒಳ್ಳೆಯದೆಂಬ ವಾದವನ್ನು ನಾನು ತರಗತಿಯಲ್ಲಿಯೂ ಎಂದೂ ಮಾಡಿದವನಲ್ಲ.

ಆದರೆ ಕಾವು ರೋಗವೇ? ಸ್ವಲ್ಪ ವಿಚಾರ ಮಾಡೋಣ. ಹತ್ತು ಹನ್ನೆರಡು ತತ್ತಿಗಳನ್ನಿಟ್ಟ ಮೇಲೆ ಹೇಂಟೆಯ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ರಸದೂತವು ಹೆಚ್ಚಾಗಿ ಸ್ರವಿಸತೊಡಗುತ್ತದೆ. ತಾಯಂದಿರಲ್ಲಿ ಎದೆಹಾಲು ಬರಿಸುವ ರಸದೂತವೂ ಇದೇ ಹೆಸರಿನದು. ತತ್ತಿ ಇಡುವುದು ನಿಲ್ಲುತ್ತದೆ, ಎದೆಯ ಕೆಳಗಿನ ಪುಕ್ಕ ಉದುರಿ ಬೆಚ್ಚನೆಯ ಚರ್ಮ ನೇರವಾಗಿ ತತ್ತಿಗೆ ತಾಗುತ್ತದೆ, ದನಿ ಬದಲಾಗಿ ಗೊಗ್ಗರವಾಗುತ್ತದೆ, ಹತ್ತಿರ ಹೋದವರ ಕೈಗೆ ಕುಕ್ಕುತ್ತದೆ. ನೋಡಿದವರಿಗೆ ಕಾಯಿಲೆಯಂತೆಯೇ ಕಾಣಬಹುದು. ಬಸುರಿಯ ವಾಂತಿಯನ್ನು ಕಂಡು ಅಜೀರ್ಣವೆಂದು ಔಷಧ ಕೊಡುವ ವೈದ್ಯನಿಗೂ ಇದನ್ನು ರೋಗವೆನ್ನುವವನಿಗೂ ನನಗೆ ಹೆಚ್ಚಿನ ವ್ಯತ್ಯಾಸ ತೋರುವುದಿಲ್ಲ.

ಈ ಗುಣವನ್ನು ದೋಷವೆಂದು ಬಗೆದು, ಪೀಳಿಗೆಯಿಂದ ಪೀಳಿಗೆಗೆ ಆಯ್ದು ತೆಗೆದುಹಾಕಿದ್ದು ಆಧುನಿಕ ಕುಕ್ಕುಟೋದ್ಯಮ. ಬಿಳಿ ಲೆಗ್‌ಹಾರ್ನ್ ಕೋಳಿಗಳಲ್ಲಿ ಕಾವಿನ ಪ್ರವೃತ್ತಿ ಬಹುತೇಕ ಅಳಿದೇಹೋಗಿದೆ. ಅದರ ಫಲವಾಗಿಯೇ ಅವು ವರ್ಷಕ್ಕೆ ಮುನ್ನೂರರಷ್ಟು ತತ್ತಿ ಇಡುತ್ತವೆ. ಪೇಟೆಗೆ ತತ್ತಿ ಬೇಕಾದಲ್ಲಿ ಅದು ಸರಿ. ಸಾವಿರಾರು ಕೋಳಿಗಳ ಫಾರಂ ನಡೆಸುವವನು ಮರಿಗಳನ್ನು ಬೇರೆ ಕಡೆಯಿಂದ ಕೊಳ್ಳುತ್ತಾನೆ, ಅವನಿಗೆ ಕಾವು ಬೇಡ. 2021ರ ಡಿಸೆಂಬರಿನಲ್ಲಿ ಕಲಬುರಗಿಯೂ ಸೇರಿ ನಮ್ಮ ಭಾಗದ ಜಿಲ್ಲೆಗಳ ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟದೊಡನೆ ತತ್ತಿ ಕೊಡಲು ಆರಂಭಿಸಿದಾಗ ಅತ್ಯಂತ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಹಸಿದ ಹೊಟ್ಟೆಯ ಮಕ್ಕಳಿಗೆ ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿದವನಿಗೆ ಆ ತತ್ತಿಯ ಬೆಲೆ ಗೊತ್ತು. ಅಷ್ಟು ತತ್ತಿಗಳನ್ನು ಜವಾರಿ ಕೋಳಿಗಳಿಂದ ಪೂರೈಸುತ್ತೇವೆಂದು ಹೇಳಿದರೆ ಅದು ಬರೀ ಬಡಾಯಿ. ನನ್ನ ತಕರಾರು ಫಾರಂ ಕೋಳಿಯ ಮೇಲಲ್ಲ.

ನನ್ನ ತಕರಾರು ಅದೇ ಲೆಕ್ಕವನ್ನು ಬಡವಿಯ ಅಂಗಳಕ್ಕೆ ತಂದು ಹಚ್ಚುವವರ ಮೇಲೆ. ಹಿತ್ತಲ ಕೋಳಿ ಸಾಕಣೆಗೆಂದು ನಮ್ಮ ವಿಜ್ಞಾನಿಗಳು ಒಳ್ಳೊಳ್ಳೆಯ ತಳಿಗಳನ್ನು ರೂಪಿಸಿದ್ದಾರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಗಿರಿರಾಜ ಹುಟ್ಟಿತು. ಅನಂತರ ಸ್ವರ್ಣಧಾರಾ ಬಂದಿತು. ನಮ್ಮ ನೆರೆಯ ಹೈದರಾಬಾದಿನ ಕುಕ್ಕುಟ ಸಂಶೋಧನಾ ಸಂಸ್ಥೆಯಿಂದ ವನರಾಜ, ಗ್ರಾಮಪ್ರಿಯ ಬಂದವು. ನಮ್ಮ ಜವಾರಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ತತ್ತಿ ಇಟ್ಟರೆ ಗಿರಿರಾಜ ನೂರಮೂವತ್ತು ನೂರೈವತ್ತು ಇಡುತ್ತದೆ, ಮೈಯೂ ದಪ್ಪ. ಇದೆಲ್ಲ ನಿಜ, ಶ್ಲಾಘನೀಯ. ಆದರೆ ಈ ತಳಿಗಳು ಕಾವಿಗೆ ಕೂಡುವುದಿಲ್ಲ. ಇವುಗಳ ತತ್ತಿಯನ್ನು ಮರಿ ಮಾಡಬೇಕಾದರೆ ಒಂದೋ ಯಂತ್ರ ಬೇಕು, ಇಲ್ಲವೇ ಅದೇ ರೋಗಿಷ್ಠ ಜವಾರಿ ಹೇಂಟೆಯೇ ಬೇಕು! ಹಾಗೆ ಮಾಡಿದ ಮರಿಗಳಲ್ಲಿಯೂ ತಾಯ್ತಂದೆಯರ ಗುಣ ಪೂರ್ತಿ ಉಳಿಯುವುದಿಲ್ಲ, ಏಕೆಂದರೆ ಅವು ಬೆರಕೆ ತಳಿಗಳು. ಎಂದರೆ ಸಾಕಿದವಳು ಮತ್ತೆ ಮತ್ತೆ ಮರಿಗಳಿಗಾಗಿ ಕೈಯೊಡ್ಡಲೇಬೇಕು.

ಚಿತ್ತಾಪುರ ತಾಲ್ಲೂಕಿನ ಒಂದು ತಾಂಡಾದಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ಮನೆಯಿದೆ. ಆತನ ಹೆಂಡತಿಗೆ ಕೆಲವು ವರ್ಷಗಳ ಹಿಂದೆ ಯಾವುದೋ ಯೋಜನೆಯಲ್ಲಿ ಇಪ್ಪತ್ತು ಮರಿಗಳು ಬಂದವು. ಜವಾರಿ ಕೋಳಿಗಳನ್ನು ಮಾರಿ ಹೊಸವಕ್ಕೆ ಜಾಗ ಮಾಡಿಕೊಳ್ಳಿರೆಂದು ಬಂದವರು ಹೇಳಿದರು, ಆಕೆ ಮಾರಿದಳು. ಮೊದಲ ವರ್ಷ ತತ್ತಿಯೋ ತತ್ತಿ. ಎರಡನೆಯ ವರ್ಷ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಅರ್ಧ ಹೋದವು. ಉಳಿದವುಗಳಲ್ಲಿ ಕೆಲವನ್ನು ನಾಯಿ ಹಿಡಿಯಿತು, ಏಕೆಂದರೆ ಆ ಭಾರದ ಮೈಗೆ ಮಾಳಿಗೆ ಹಾರಲು ಬಾರದು. ಮೂರನೆಯ ವರ್ಷ ನಾನು ಹೋದಾಗ ಅಂಗಳದಲ್ಲಿ ಒಂದು ಕೋಳಿಯೂ ಇರಲಿಲ್ಲ, ಮೂಲೆಯಲ್ಲಿ ಖಾಲಿ ಬುಟ್ಟಿ ಬೋರಲು ಬಿದ್ದಿತ್ತು. "ಜವಾರಿ ಇದ್ದಾಗ ಎಷ್ಟು ಸತ್ತರೂ ಒಂದು ಹ್ಯಾಟಿ ಉಳದ್ರ ಸಾಕಿತ್ತು ಸರ್, ಮತ್ತ ಮನಿ ತುಂಬತಿತ್ತು" ಎಂದಳು. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಗಳು ಒಂದೇ ವಾಕ್ಯದಲ್ಲಿ ಹೇಳಿದ್ದನ್ನು ತರಬೇತಿ ಕೊಡುವವರು ಇನ್ನೂ ಅರಿತಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲವೆಂಬುದು ಸರಿ, ಕೋಳಿ ಸಾಕುವವಳನ್ನಾದರೂ ಕೇಳಬಹುದಿತ್ತಲ್ಲ!

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವನ್ನೇ ಕೊಡುತ್ತೇನೆ, ನಾನು ಗಣಿತವನ್ನೂ ಕಲಿಸಿದವನೇ. ಒಂದು ಜವಾರಿ ಹೇಂಟೆಯನ್ನು ವರ್ಷಕ್ಕೆ ಎರಡು ಸಲ ಕಾವಿಗೆ ಕೂಡಿಸಿದಿರೆನ್ನಿ. ಅದರಿಂದ ನಲವತ್ತು ತತ್ತಿ ಕಡಿಮೆಯಾಯಿತೆಂದು ಧಾರಾಳವಾಗಿಯೇ ಹಿಡಿಯೋಣ. ಕೂಡಿಸಿದ ತತ್ತಿ ಹನ್ನೆರಡರಂತೆ ಇಪ್ಪತ್ತನಾಲ್ಕು. ಒಟ್ಟು ಅರವತ್ತನಾಲ್ಕು ತತ್ತಿ. ಒಂದಕ್ಕೆ 12 ರೂಪಾಯಿಯಂತೆ ಹಿಡಿದರೆ 768 ರೂಪಾಯಿ ನಷ್ಟ. ಇನ್ನು ಇಪ್ಪತ್ತನಾಲ್ಕರಲ್ಲಿ ಹತ್ತೊಂಬತ್ತು ಒಡೆದು ಮರಿಯಾದವು, ಹದ್ದು, ಬೆಕ್ಕು, ಮುಂಗುಲಿಗಳ ಪಾಲು ಕಳೆದು ಒಂಬತ್ತು ಬೆಳೆದವು. ಒಂದನ್ನು ಮುನ್ನೂರಕ್ಕೆ ಮಾರಿದರೂ 2700 ರೂಪಾಯಿ. ಒಂಬತ್ತರ ಬದಲು ನಾಲ್ಕೇ ಉಳಿದವೆನ್ನಿ, ಆಗಲೂ 1200. ಇವಕ್ಕೆ ಮೇವಿನ ಖರ್ಚು ಹೆಚ್ಚಿಲ್ಲ, ಕಣದ ಕಾಳು, ತಿಪ್ಪೆಯ ಹುಳು, ಮನೆಯ ಎಂಜಲು ಸಾಕು. ನನ್ನ ದರಗಳು ನಿಮ್ಮೂರಿಗೆ ಹೊಂದದಿದ್ದರೆ ನಿಮ್ಮ ದರ ಹಾಕಿ ನೋಡಿರಿ. ಕುಳಿತು ಉಣ್ಣುವ ಕೋಳಿ ಎಂದವನಿಗೆ ಹೇಳಿರಿ, ಅದು ಕುಳಿತಿರುವುದೇ ದುಡಿಮೆ. ಅಷ್ಟೇ ಅಲ್ಲ, ಕಾವಿನ ದಿನಗಳಲ್ಲಿ ಅದು ಉಣ್ಣುವುದೂ ಬಹಳ ಕಡಿಮೆ. ದಿನಕ್ಕೊಮ್ಮೆ ಹದಿನೈದಿಪ್ಪತ್ತು ನಿಮಿಷ ಎದ್ದು ಬಂದು, ನಾಲ್ಕು ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ ಮರಳುತ್ತದೆ, ಮೈಯ ತೂಕವನ್ನೇ ಕಳೆದುಕೊಳ್ಳುತ್ತದೆ.

ಈ ದುಡಿಮೆಯನ್ನು ಯಂತ್ರದಿಂದ ಮಾಡಿಸಲು ಏನೆಲ್ಲ ಬೇಕೆಂಬುದನ್ನು ನೋಡಿರಿ. ಮೂವತ್ತೇಳೂವರೆ ಡಿಗ್ರಿ ಉಷ್ಣತೆ ಇಪ್ಪತ್ತೊಂದು ದಿನ ಕದಲಬಾರದು, ಹದಿನೆಂಟನೆಯ ದಿನದವರೆಗೆ ತತ್ತಿಗಳನ್ನು ದಿನಕ್ಕೆ ಹಲವು ಸಲ ಹೊರಳಿಸಬೇಕು, ಕೊನೆಯ ಮೂರು ದಿನ ತೇವಾಂಶ ಹೆಚ್ಚಿಸಬೇಕು, ಇವೆಲ್ಲಕ್ಕಿಂತ ಮಿಗಿಲಾಗಿ ಕರೆಂಟು ಹೋಗಬಾರದು. ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋಗಬಾರದೆಂಬ ಷರತ್ತನ್ನು ಕೇಳಿ ನೀವೇ ನಗುತ್ತೀರಿ. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಗ್ರಾಮೀಣ ಕೋಳಿ ತಳಿ ಘಟಕ ಮತ್ತು ಹ್ಯಾಚರಿ ಮಾಡುವವರಿಗೆ ಶೇಕಡಾ 50ರಂತೆ 25 ಲಕ್ಷ ರೂಪಾಯಿಯವರೆಗೂ ಸಹಾಯಧನವೆಂದು ಘೋಷಿಸಿದರು. ಒಂದು ಸಾವಿರ ಹೇಂಟೆ ಸಾಕಬಲ್ಲವನಿಗೆ ಅದು. ಎರಡು ಹೇಂಟೆ ಇರುವವಳಿಗೆ, ಕರೆಂಟು ಬೇಡದ, ದುರಸ್ತಿ ಬೇಡದ, ಮರಿಗಳಿಗೆ ಮೇಯುವುದನ್ನೂ ಕಲಿಸಿಕೊಡುವ ಹ್ಯಾಚರಿಯೊಂದು ಅಂಗಳದಲ್ಲೇ ಇದೆಯೆಂದು ಹೇಳಿದವರನ್ನು ನಾನು ಕಂಡಿಲ್ಲ.

ಮೇಯುವುದನ್ನು ಕಲಿಸುತ್ತದೆ ಎಂದೆ. ಇದು ಮೇಷ್ಟರ ಅಲಂಕಾರದ ಮಾತಲ್ಲ. 1996ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ಲಿನ ಕ್ರಿಸ್ಟೀನ್ ನಿಕೋಲ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ತನ್ನ ಮರಿಗಳು ತಪ್ಪು ಆಹಾರವನ್ನು ತಿನ್ನುತ್ತಿವೆಯೆಂದು ತಾಯಿಕೋಳಿಗೆ ತೋರಿದಾಗ ಅದು ಇನ್ನಷ್ಟು ಹೆಚ್ಚಾಗಿ ನೆಲ ಕುಕ್ಕಿ ಕೆದರಿ ಸರಿಯಾದುದರತ್ತ ಕರೆಯುತ್ತದೆಂದು ಕಂಡುಬಂದಿತು. ವೃತ್ತಿಬಂಧುವಿನ ಬಗ್ಗೆ ಓದಿದಷ್ಟೇ ಹೆಮ್ಮೆಯಾಯಿತು ನನಗೆ! ಇನ್ನು ಒಡೆಯುವ ಒಂದೆರಡು ದಿನ ಮೊದಲೇ ತತ್ತಿಯೊಳಗಿನಿಂದ ಮರಿ ಚಿಂವ್‌ಗುಟ್ಟುವುದು, ಹೊರಗಿನಿಂದ ತಾಯಿ ಲೊಚಗುಟ್ಟಿ ಉತ್ತರಿಸುವುದು, ಇದನ್ನು ನೀವು ಕಿವಿಗೊಟ್ಟು ಕೇಳಬಹುದು. ಯಾವ ಯಂತ್ರವೂ ಉತ್ತರಿಸುವುದಿಲ್ಲ.

ಹಾಗೆಂದು ಕಾವಿಗೆ ಬಂದ ಕೋಳಿಯನ್ನೆಲ್ಲ ಬಂದಾಗಲೆಲ್ಲ ಕೂಡಿಸಬೇಕೆಂದು ನಾನು ಹೇಳುವುದಿಲ್ಲ. ಇಲ್ಲಿಯೇ ನಮ್ಮ ವಾಡಿ, ಶಹಾಬಾದ, ಸೇಡಂ ಸೀಮೆಯ ಬಿಸಿಲನ್ನು ನೆನೆಯಬೇಕು. ಚೈತ್ರ ವೈಶಾಖದಲ್ಲಿ ಹೊರಗೆ ನಲವತ್ತೆರಡು ನಲವತ್ಮೂರು ಡಿಗ್ರಿ, ಫರ್ಸಿ ಕಲ್ಲಿನ ಮನೆ ರಾತ್ರಿ ಹತ್ತಾದರೂ ಕಾಯ್ದೇ ಇರುತ್ತದೆ. ತತ್ತಿಯೊಳಗಿನ ಜೀವ ಸುಮಾರು ಇಪ್ಪತ್ತೊಂದು ಡಿಗ್ರಿಗಿಂತ ಕೆಳಗಿದ್ದರೆ ನಿದ್ರಿಸುತ್ತದೆ, ಅದಕ್ಕಿಂತ ಬೆಚ್ಚಗಾಗುತ್ತ ಹೋದಂತೆ ನಿಧಾನವಾಗಿ ಎಚ್ಚರಗೊಳ್ಳುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ತತ್ತಿ ಕೋಳಿಯ ಕೆಳಗೆ ಹೋಗುವ ಮೊದಲೇ ಅರೆಬರೆ ಬೆಳೆದು ಸತ್ತಿರುತ್ತದೆ. ಅದಕ್ಕೇ ನಮ್ಮವ್ವನಂಥವರು ಮೃಗಶಿರಾ ಮಳೆ ಬಿದ್ದ ಮೇಲೆ, ಇಲ್ಲವೇ ದೀಪಾವಳಿಯ ಈಚೆಗೆ ಕೂಡಿಸುತ್ತಿದ್ದರು. ಬೇಸಿಗೆಯಲ್ಲಿ ಕೂಡಿಸಲೇಬೇಕಾದರೆ ಮೂರು ನಾಲ್ಕು ದಿನಕ್ಕಿಂತ ಹಳೆಯ ತತ್ತಿ ಬೇಡ, ಉಳಿದ ಕಾಲದಲ್ಲಿ ಏಳು ದಿನ ಮೀರದಿರಲಿ. ಚೂಪು ತುದಿ ಕೆಳಗೆ, ಅಗಲ ತುದಿ ಮೇಲೆ ಇರಲಿ, ಏಕೆಂದರೆ ಗಾಳಿಯ ಕೋಣೆ ಅಗಲ ತುದಿಯಲ್ಲಿದೆ. ಹಸಿ ಉಸುಕು ತುಂಬಿದ ಬೋಗುಣಿಯ ಮೇಲೆ ಅರಿವೆ ಹಾಸಿ ಇಟ್ಟರೆ ತಂಪು. ತೊಳೆಯಬೇಡಿರಿ, ತೊಳೆದರೆ ಚಿಪ್ಪಿನ ಮೇಲಿನ ಕಾಪಿನ ಪದರ ಹೋಗುತ್ತದೆ.

ಜವಾರಿ ಹೇಂಟೆಯ ಮೈಗೆ ಹತ್ತರಿಂದ ಹದಿಮೂರು ತತ್ತಿ ಸಾಕು. ಆಸೆಗೆ ಬಿದ್ದು ಹದಿನೆಂಟು ಇಟ್ಟವರು ಎಲ್ಲವನ್ನೂ ಕೆಡಿಸಿಕೊಂಡದ್ದನ್ನು ಕಂಡಿದ್ದೇನೆ. ಅಂಚಿನ ತತ್ತಿ ತಣ್ಣಗಾಗುತ್ತದೆ, ಹೊರಳಿಸುವಾಗ ಬೇರೆಯದು ಅಂಚಿಗೆ ಬರುತ್ತದೆ, ಹೀಗೆ ಸರದಿಯ ಮೇಲೆ ಎಲ್ಲವೂ ಸಾಯುತ್ತವೆ. ಬುಟ್ಟಿಯ ಬುಡಕ್ಕೆ ಬೂದಿ, ಅದರ ಮೇಲೆ ಒಣಹುಲ್ಲು, ನಾಲ್ಕು ಬೇವಿನ ಸೊಪ್ಪು. ಹೇನಿಗೆಂದು ಹೊಲಕ್ಕೆ ಹೊಡೆಯುವ ಪುಡಿಯನ್ನು ಗೂಡಿಗೆ ಚೆಲ್ಲುವ ಮೂರ್ಖತನವನ್ನು ಮಾತ್ರ ಮಾಡಬೇಡಿರಿ. ಕೂಡಿಸುವುದು ಕತ್ತಲಾದ ಮೇಲೆ, ಕೋಳಿ ಗಾಬರಿಯಾಗುವುದಿಲ್ಲ. ಸಾಧ್ಯವಾದರೆ ಎರಡು ಹೇಂಟೆಗಳನ್ನು ಒಂದೇ ದಿನ ಕೂಡಿಸಿರಿ. ಏಳನೆಯ ದಿನ ಗೊಡ್ಡು ತತ್ತಿಗಳನ್ನು ತೆಗೆದಾಗ ಉಳಿದವನ್ನು ಕೂಡಿಸಿಕೊಳ್ಳಬಹುದು.

ಏಳನೆಯ ದಿನದ ಪರೀಕ್ಷೆ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಎಂಟನೆಯ ತರಗತಿಯ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ರಟ್ಟಿನ ಕೊಳವೆಯನ್ನು ಬ್ಯಾಟರಿಗೆ ಹಚ್ಚಿ, ಮನೆಯಿಂದ ಅರಿವೆಯಲ್ಲಿ ಸುತ್ತಿ ತಂದ ತತ್ತಿಯನ್ನು ಅದರ ಬಾಯಿಗೆ ಹಿಡಿಯುತ್ತಿದ್ದೆ. ಕೆಂಪು ಬೆಳಕಿನೊಳಗೆ ಜೇಡರ ಬಲೆಯಂತೆ ರಕ್ತನಾಳಗಳು, ನಡುವೆ ಅಲುಗುವ ಒಂದು ಕಪ್ಪು ಚುಕ್ಕೆ. ಇಡೀ ತರಗತಿಯೇ ಉಸಿರು ಬಿಗಿಹಿಡಿದಿರುತ್ತಿತ್ತು. ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಕಾವಿನ ತತ್ತಿಯನ್ನು ಒಡೆದು ನೋಡಿ, ಮೂರು ದಿನ ಕಳೆಯುವಾಗ ಹೃದಯವು ರಕ್ತದ ಬಿಂದುವಾಗಿ ಮಿಡಿಯುವುದನ್ನು ಬರೆದಿಟ್ಟಿದ್ದಾನೆಂದು ಹೇಳುತ್ತಿದ್ದೆ. ಒಂದು ವರ್ಷ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು "ಸರ, ಈಗ ಕೋಳಿಗಿ ನೀರಾಗ ಮುಳಗಿಸಿ ಕಾವು ಬಿಡಿಸಿದ್ರ ಒಳಗಿಂದು ಏನಾಗ್ತದ್ರಿ?" ಎಂದು ಕೇಳಿದ. ಸತ್ತುಹೋಗುತ್ತದೆ ಎಂದೆ. ಆತ ಸುಮ್ಮನೆ ಕುಳಿತುಕೊಂಡ. ಮರುದಿನ ಅವನ ತಾಯಿ ಶಾಲೆಗೆ ಬಂದು, ಮಗ ಬಾನಿಯ ಮುಂದೆ ಅಡ್ಡ ನಿಂತು ಕೋಳಿ ಮುಟ್ಟಲು ಬಿಡಲಿಲ್ಲವೆಂದೂ, ಇದನ್ನೆಲ್ಲ ಏಕೆ ಕಲಿಸುತ್ತೀರೆಂದೂ ನನ್ನನ್ನು ತರಾಟೆಗೆ ತೆಗೆದುಕೊಂಡಳು. ನನ್ನ ಸೇವಾವಧಿಯಲ್ಲಿ ಬಂದ ಪ್ರಶಸ್ತಿಪತ್ರಗಳಿಗಿಂತ ಆ ಬೈಗುಳ ದೊಡ್ಡದೆಂದು ಇಂದಿಗೂ ಭಾವಿಸಿದ್ದೇನೆ.

ಆ ತಾಯಿಗೆ ಅಂದು ಹೇಳಿದ ಉಪಾಯವನ್ನೇ ಇಲ್ಲಿಯೂ ಬರೆಯುತ್ತೇನೆ. ಕಾವು ಬಿಡಿಸಲೇಬೇಕಾದರೆ ಹಿಂಸೆ ಬೇಡ. ನುಲಿ ಹೆಣೆದ ಹೊರಸಿನ ಮೇಲೆ, ಏನನ್ನೂ ಹಾಸದೆ, ಕೋಳಿಯನ್ನು ಬುಟ್ಟಿಯಲ್ಲಿ ಮುಚ್ಚಿರಿ. ನೆರಳಿರಲಿ, ಬೆಳಕಿರಲಿ, ಒಳಗೆ ಕಾಳು ನೀರು ಇರಲಿ. ಹೊಟ್ಟೆಯ ಕೆಳಗೆ ಗಾಳಿಯಾಡುತ್ತದೆ, ಬೆಚ್ಚನೆಯ ಗೂಡು ಸಿಗುವುದಿಲ್ಲ. ಮೂರು ನಾಲ್ಕು ದಿನಗಳಲ್ಲಿ ಕಾವು ತಾನೇ ಇಳಿಯುತ್ತದೆ. ಮುಳುಗಿಸುವ ಪದ್ಧತಿಯ ಹಿಂದಿದ್ದ ಯುಕ್ತಿಯೂ ಇದೇ, ಹೊಟ್ಟೆಯನ್ನು ತಂಪು ಮಾಡುವುದು. ಯುಕ್ತಿ ಸರಿಯಿತ್ತು, ರೀತಿ ಕ್ರೂರವಾಗಿತ್ತು. ತತ್ತಿಗಳನ್ನು ದಿನವೂ ತಪ್ಪದೆ ಎತ್ತಿಕೊಂಡರೆ ಅಷ್ಟು ಬೇಗ ಕಾವಿಗೆ ಬರುವುದೂ ಇಲ್ಲ.

ತರಬೇತಿಯ ನನ್ನ ಶಿಷ್ಯನು "ಹಾಗಾದರೆ ನಾವೇನು ಮಾಡಬೇಕು ಸರ" ಎಂದು ಕೇಳಬಹುದು. ಲಸಿಕೆ ತಂದುಕೊಡು ತಮ್ಮಾ. ಅಂಗಳಗಳನ್ನು ಬರಿದು ಮಾಡುವುದು ಕಾವಲ್ಲ, ಕೊಕ್ಕರೆ ರೋಗ. ನಿನ್ನ ಪುಸ್ತಕದಲ್ಲಿ ರಾಣಿಖೇತ್ ಎಂದು ಬರೆದಿರುತ್ತದೆ. ಮರಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೊಂದು ಹನಿ, ಆರೆಂಟು ವಾರಕ್ಕೆ ಒಂದು ಚುಚ್ಚುಮದ್ದು. ಔಷಧದ ಬೆಲೆ ಅತ್ಯಲ್ಪ, ತೊಡಕಿರುವುದು ಬೇರೆಡೆ. ಒಂದು ಸೀಸೆಯಲ್ಲಿ ನೂರು, ಇನ್ನೂರು ಕೋಳಿಗಾಗುವಷ್ಟು ಇರುತ್ತದೆ, ತಂಪಿನಲ್ಲಿಯೇ ತರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಆರು ಕೋಳಿಯವಳು ಏನು ಮಾಡಿಯಾಳು? ಓಣಿಗೆಲ್ಲ ಒಂದೇ ದಿನ ಗೊತ್ತು ಮಾಡಿ, ನಸುಕಿನಲ್ಲಿ ಬುಟ್ಟಿ ಎತ್ತುವ ಮೊದಲೇ ಹೋಗಿ ಹಾಕಿ ಬರುವ ವ್ಯವಸ್ಥೆಯಾಗಲಿ. ತಂಪಿನ ಪೆಟ್ಟಿಗೆಯಿಲ್ಲದ ಹಳ್ಳಿಗಳಿಗೆಂದೇ ಬಿಸಿ ತಾಳುವ ಐ-2 ಎಂಬ ಲಸಿಕೆಯನ್ನು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದರು, ಆಫ್ರಿಕದ ಹಳ್ಳಿಗಳಲ್ಲಿ ಅದು ಕೆಲಸ ಮಾಡಿದೆ. ಇಪ್ಪತ್ತು ಹೊಸ ಮರಿ ಹಂಚಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಇದು ಕಷ್ಟದ ಕೆಲಸ, ಫೋಟೋಕ್ಕೆ ಚೆಂದವೂ ಕಾಣುವುದಿಲ್ಲ. ಹೊಸ ತಳಿಯನ್ನೂ ಕೊಡು, ಬೇಡವೆನ್ನುವುದಿಲ್ಲ. ಆದರೆ ಅಂಗಳದ ಜವಾರಿ ಹೇಂಟೆಯನ್ನು ಮಾರಿಸಬೇಡ.

ತಾಂಡಾದ ಆ ಹೆಣ್ಣುಮಗಳು ಕಳೆದ ದೀಪಾವಳಿಯ ನಂತರ ನಮ್ಮ ಮನೆಗೆ ಬಂದಿದ್ದಳು. ಕಾವಿಗೆ ಬಂದ ಹ್ಯಾಟೆಯೊಂದನ್ನು ಪಾಲಿಗೆ ಕೊಡುತ್ತೀರಾ ಎಂದು ನಮ್ಮ ಮನೆಯಾಕೆಯನ್ನು ಕೇಳಿದಳು. ಕೋಳಿ ನಮ್ಮದು, ಮೇವು ಆರೈಕೆ ಅವಳದು, ಮರಿಗಳಲ್ಲಿ ಸರಿಪಾಲು, ಇದು ನಮ್ಮ ಕಡೆಯ ಹಳೆಯ ವಾಡಿಕೆ. ಸಂಜೆ ಹೊತ್ತು ಮುಳುಗಿದ ಮೇಲೆ ಕರಿಯ ಹ್ಯಾಟೆಯನ್ನು ಹನ್ನೊಂದು ತತ್ತಿಗಳೊಡನೆ ಬುಟ್ಟಿಯಲ್ಲಿಟ್ಟು, ಮೇಲೆ ಹಳೆಯ ಧೋತರ ಮುಚ್ಚಿ ಕೊಟ್ಟೆವು. ದಾರಿಯುದ್ದಕ್ಕೂ ಅದು ಒಂದು ಸಲವೂ ಏಳಲಿಲ್ಲವಂತೆ. ಎರಡು ಗೊಡ್ಡು ಹೋಗಿ ಒಂಬತ್ತು ಮರಿಯಾದವು. ನಮ್ಮ ಪಾಲು ಬೇಡವೆಂದು ಮನೆಯಾಕೆ ಹೇಳಿಕಳಿಸಿದರೂ ಕೇಳದೆ, ಮೊನ್ನೆ ಶಿವರಾತ್ರಿಯ ಮರುದಿನ ನಾಲ್ಕು ಹ್ಯಾಟೆಮರಿಗಳನ್ನು ಕಾಲು ಕಟ್ಟಿ ತಂದು ಅಂಗಳದಲ್ಲಿ ಬಿಟ್ಟು ಹೋದಳು.